ಐದನೇ ಸಾಲು ಸರಿಯಾಗೇ ಇದೆ, ಎರರ್ ಮಾತ್ರ ಅಲ್ಲೇ ಯಾಕೆ?

ಪ್ರಶ್ನೆ: ಸರ್, ಕಾಲೇಜು ಪ್ರಾಜೆಕ್ಟಿಗೆ ಅಂತ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿ, ಅದಕ್ಕೆ ಪಾರ್ಸರ್ (ಕೋಡನ್ನು ಓದಿ ಅದರ ವ್ಯಾಕರಣ ಸರಿಯಿದೆಯೇ ಅಂತ ನೋಡುವ ಪ್ರೋಗ್ರಾಂ) ಬರೆದಿದ್ದೇವೆ. ತಪ್ಪಿದ್ದರೆ ಸಾಲಿನ ನಂಬರ್ ಹೇಳುತ್ತದೆ. ಆದರೆ ಬಹಳ ಸಲ ಬೇರೆ ಸಾಲನ್ನೇ ತೋರಿಸುತ್ತದೆ. ತಪ್ಪಿರುವ ಸಾಲನ್ನೇ ತೋರಿಸುವಂತೆ ಮಾಡುವುದು ಹೇಗೆ?

ಉತ್ತರ: ಬಳ್ಳಾರಿಯಲ್ಲಿ ಸಂಜೆ ಕ್ಲಾಸು ಶುರು ಮಾಡಿದ ದಿನದಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಸಿರುಗುಪ್ಪದಿಂದ ಬಸ್ಸಿಗೆ ಬರುವ ಡಿಪ್ಲೊಮಾ ಹುಡುಗರೂ ಕೇಳುತ್ತಾರೆ, ಎಂಜಿನಿಯರಿಂಗ್ ಕೊನೇ ವರ್ಷದವರೂ ಕೇಳುತ್ತಾರೆ. ಸಿ ಭಾಷೆ ಕಲಿಯುವವರು ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಮೇಲೆ ಸಿಟ್ಟಾಗುತ್ತಾರೆ, ಪಾರ್ಸರ್ ಬರೆಯುವವರು ತಮ್ಮ ಕೋಡಿನ ಮೇಲೆ. ಇಬ್ಬರ ತಲೆಯಲ್ಲೂ ಕೂತಿರುವ ನಂಬಿಕೆ ಒಂದೇ. ಎರರ್ ತೋರಿಸಿದ ಜಾಗದಲ್ಲೇ ತಪ್ಪಿರಬೇಕು, ಇಲ್ಲದಿದ್ದರೆ ಪಾರ್ಸರ್ ಕೆಟ್ಟಿದೆ ಅಂತ. ಈ ನಂಬಿಕೆ ಹೋಗುವವರೆಗೆ ಮುಂದಿನದು ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ.

ಹೊಸಪೇಟೆಗೆ ಹೋಗಬೇಕಾದ ನೀವು ಗಡಿಬಿಡಿಯಲ್ಲಿ ಬಳ್ಳಾರಿ ಸ್ಟೇಷನ್ನಿನಲ್ಲಿ ಗುಂತಕಲ್ ಕಡೆಯ ರೈಲು ಹತ್ತಿದಿರಿ ಅಂದುಕೊಳ್ಳಿ. ಸೀಟು ಸಿಕ್ಕಿತು, ಕೂತಿರಿ. ಹಗರಿ ಸ್ಟೇಷನ್ನಿನ ಬೋರ್ಡು ಕಂಡಾಗ ಎದೆ ಧಸಕ್ಕೆಂದಿತು. ತಪ್ಪು ಗೊತ್ತಾಗಿದ್ದು ಹಗರಿಯಲ್ಲಿ. ತಪ್ಪು ಆಗಿದ್ದು ಬಳ್ಳಾರಿಯಲ್ಲಿ. ಪಾರ್ಸರ್‌ಗೆ ಕಾಣುವುದು ಹಗರಿ ಬೋರ್ಡು ಮಾತ್ರ.

ಈಗ ಕೋಡಿಗೆ ಬನ್ನಿ. ಸಿ ಪ್ರೋಗ್ರಾಮಿನ ನಾಲ್ಕನೇ ಸಾಲಿನಲ್ಲಿ ಒಂದು ವೇರಿಯಬಲ್ಲಿಗೆ (ಬೆಲೆ ಇಡುವ ಹೆಸರಿಗೆ) ‘= 50’ ಅಂತ ಬೆಲೆ ಕೊಟ್ಟು ಸೆಮಿಕೋಲನ್ ಮರೆತಿದ್ದೀರಿ. ಐದನೇ ಸಾಲು ಪ್ರಿಂಟ್‌ಎಫ್‌ನಿಂದ ಶುರುವಾಗುತ್ತದೆ. ಹಲವು ಕಂಪೈಲರುಗಳಲ್ಲಿ ಎರರ್ ಐದನೇ ಸಾಲಿಗೆ ಬರುತ್ತದೆ. ‘ನಾಲ್ಕನೇ ಸಾಲು ಮುಗಿದ ಕೂಡಲೇ ಹೇಳಬಹುದಿತ್ತಲ್ವಾ ಸರ್’ ಅಂತ ಕೇಳುತ್ತಾರೆ. ಹೇಳಲು ಬರುವುದಿಲ್ಲ! ಐದನೇ ಸಾಲಿನಲ್ಲಿ ಪ್ರಿಂಟ್‌ಎಫ್ ಬದಲು ‘+ 20;’ ಅಂತ ಇದ್ದಿದ್ದರೆ? ಎರಡೂ ಸಾಲು ಸೇರಿ ‘= 50 + 20;’ ಆಗುತ್ತಿತ್ತು, ಪೂರ್ತಿ ಸರಿಯಾದ ಪ್ರೋಗ್ರಾಂ. ಸಿ ಭಾಷೆಗೆ ಹೊಸ ಸಾಲೂ ಒಂದೇ, ಖಾಲಿ ಜಾಗವೂ ಒಂದೇ. ಅಂದಮೇಲೆ ನಾಲ್ಕನೇ ಸಾಲು ಮುಗಿಯುವವರೆಗೆ ತಪ್ಪು ಅನ್ನುವುದೇ ಹುಟ್ಟಿಲ್ಲ. ಪ್ರಿಂಟ್‌ಎಫ್ ಕಂಡ ಕ್ಷಣದಲ್ಲಿ ಹುಟ್ಟಿತು. ಪಾರ್ಸರ್ ತಡ ಮಾಡಲಿಲ್ಲ. ಸಾಧ್ಯವಿದ್ದ ಮೊದಲ ಜಾಗದಲ್ಲೇ ನಿಂತಿತು. ಕಂಪೈಲರ್ ಲ್ಯಾಬಿನಲ್ಲಿ ನೀವು ಓದುವ, ಕೋಡನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುವ ಎಲ್‌ಆರ್ ಪಾರ್ಸರ್‌ಗಳ ಗುಣವೇ ಇದು. ಇಲ್ಲಿಯವರೆಗೆ ಓದಿದ್ದಕ್ಕೆ ಯಾವ ಟೋಕನ್ (ಕೋಡಿನ ಒಂದು ಪದ, ಸಂಖ್ಯೆ ಅಥವಾ ಚಿಹ್ನೆ) ಹೊಂದುವುದಿಲ್ಲವೋ, ಆ ಟೋಕನ್ ದಾಟಿ ಅವು ಮುಂದೆ ಹೋಗುವುದಿಲ್ಲ.

ಮುಚ್ಚದ ಆವರಣ ಇನ್ನೂ ಜಾಸ್ತಿ ಕಾಡುತ್ತದೆ. 12ನೇ ಸಾಲಿನಲ್ಲಿ { ತೆರೆದು ಮುಚ್ಚಲು ಮರೆತರೆ, 200 ಸಾಲು ಮುಗಿದ ಮೇಲೆ, ಫೈಲಿನ ತುದಿಯಲ್ಲಿ ಎರರ್ ಬರಬಹುದು. ಅಲ್ಲಿ ನೋಡಿದರೆ ಏನೂ ಇಲ್ಲ. ನಡುವೆ ಎಲ್ಲಿ ಬೇಕಾದರೂ ಆ } ಬಂದಿರಬಹುದಿತ್ತು. ನಿಮ್ಮ ಮನಸ್ಸಿನಲ್ಲಿ ಎಲ್ಲಿತ್ತು ಅನ್ನುವುದು ಪಾರ್ಸರ್‌ಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ‘ತಪ್ಪಿರುವ ಸಾಲು ತೋರಿಸು’ ಅಂತ ಪಾರ್ಸರನ್ನು ಕೇಳಬೇಡಿ. ಅದಕ್ಕೆ ನಿಜವಾಗಿ ಗೊತ್ತಿರುವುದನ್ನು ಕೇಳಿ: ಎಲ್ಲಿ ನಿಂತೆ, ಅಲ್ಲಿ ಏನು ಕಂಡಿತು, ಏನು ಬರಬೇಕಿತ್ತು, ಯಾವುದರ ನಡುವೆ ಇದ್ದೆ. ಈ ಕೊನೆಯದನ್ನೇ ಎಲ್ಲರೂ ಬಿಡುತ್ತಾರೆ. ಆವರಣ ತೆರೆದಾಗಲೆಲ್ಲ ಅದರ ಸಾಲಿನ ನಂಬರನ್ನು ಒಂದು ಸ್ಟ್ಯಾಕಿನಲ್ಲಿ (ಒಂದರ ಮೇಲೊಂದು ಪೇರಿಸಿ, ಮೇಲಿನದನ್ನೇ ಮೊದಲು ತೆಗೆಯುವ ಪಟ್ಟಿಯಲ್ಲಿ) ಇಡಿ, ಮುಚ್ಚಿದಾಗ ತೆಗೆಯಿರಿ. ಕೊನೆಗೆ ಉಳಿದದ್ದನ್ನು ತೋರಿಸಿ: ‘12ನೇ ಸಾಲಿನಲ್ಲಿ ತೆರೆದ { ಮುಚ್ಚಿಲ್ಲ’. ಇಷ್ಟು ಸಣ್ಣ ಕೆಲಸ. ಪೈಥಾನ್ ಭಾಷೆ ಕೂಡ ಇದನ್ನು ಚೆನ್ನಾಗಿ ಹೇಳತೊಡಗಿದ್ದು 2021ರಲ್ಲಿ ಬಂದ 3.10ರಿಂದ. ಅದಕ್ಕೆ ಮುಂಚೆ ( ಮುಚ್ಚದಿದ್ದರೆ ಬಹಳ ಸಲ ಮುಂದಿನ ಸಾಲಿಗೆ ಬೆರಳು ತೋರಿಸಿ, ವ್ಯಾಕರಣ ತಪ್ಪು ಅನ್ನುವ ಅರ್ಥದಲ್ಲಿ ಬರೀ ‘ಇನ್‌ವ್ಯಾಲಿಡ್ ಸಿಂಟ್ಯಾಕ್ಸ್’ ಅನ್ನುತ್ತಿತ್ತು. ಈಗ ತೆರೆದ ಆವರಣವನ್ನೇ ತೋರಿಸಿ, ಇದು ಮುಚ್ಚಲೇ ಇಲ್ಲ ಅನ್ನುತ್ತದೆ. ಸೆಮಿಕೋಲನ್ ವಿಷಯದಲ್ಲೂ ಹಾಗೇ. ಸಿ ಕಂಪೈಲರ್ ಆದ ಜಿಸಿಸಿಯಲ್ಲಿ, 2018ರ 8ನೇ ಆವೃತ್ತಿಯಿಂದ, ಗುರುತು ಹಿಂದಿನ ಟೋಕನ್ನಿನ ಕೊನೆಗೆ, ಸೆಮಿಕೋಲನ್ ಬರಬೇಕಿದ್ದ ಜಾಗಕ್ಕೇ ಬೀಳುತ್ತದೆ. ಪಾರ್ಸರ್ ನಿಂತದ್ದು ಈಗಲೂ ಐದನೇ ಸಾಲಿನಲ್ಲೇ. ತೋರಿಸುವ ಜಾಗ ಮಾತ್ರ ಬದಲಾಯಿತು. ನೀವೂ ಹಿಂದಿನ ಟೋಕನ್ ಎಲ್ಲಿ ಮುಗಿಯಿತು ಅಂತ ನೆನಪಿಟ್ಟುಕೊಂಡರೆ ಇದು ನಿಮ್ಮಿಂದಲೂ ಆಗುತ್ತದೆ.

‘ಏನು ಬರಬೇಕಿತ್ತು’ ಅನ್ನುವಾಗ ಕೋಡಿನೊಳಗಿನ ಟೋಕನ್ ಹೆಸರುಗಳನ್ನು ಸುಮ್ನೆ ಸುರಿಯಬೇಡಿ. ಇಪ್ಪತ್ತು ಹೆಸರಿನ ಪಟ್ಟಿ ಯಾರೂ ಓದುವುದಿಲ್ಲ. ‘ಇಲ್ಲಿ ಒಂದು ಸಂಖ್ಯೆಯೋ ಹೆಸರೋ ಬರಬೇಕಿತ್ತು, = ಬಂದಿದೆ’ ಅಂದರೆ ಸಾಕು. ಒಂದು ತಪ್ಪಿಗೆ ಐವತ್ತು ಎರರ್ ಬರುತ್ತಿದ್ದರೆ ಮುಂದಿನ ಸೆಮಿಕೋಲನ್ ಅಥವಾ } ಸಿಗುವವರೆಗೆ ಟೋಕನ್‌ಗಳನ್ನು ಬಿಟ್ಟು, ಅಲ್ಲಿಂದ ಮತ್ತೆ ಓದಲು ಶುರು ಮಾಡಿ. ಅದೂ ಕಷ್ಟವಾದರೆ ಮೊದಲ ಎರರ್‌ಗೇ ನಿಲ್ಲಿಸಿ. ಪೈಥಾನ್ ಹಾಗೇ ಮಾಡುತ್ತದೆ, ಅದರಲ್ಲಿ ಅವಮಾನವೇನಿಲ್ಲ.

ನೀವು ಕೇಳದೇ ಇರುವ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಕಡೆಯ ಹುಡುಗರು ಕೋಡಿನೊಳಗೆ ಕನ್ನಡ ಬರೆಯುತ್ತಾರೆ, ಬರೆಯಲೂ ಬೇಕು. ಆಗ ಸಾಲು ಸರಿ ಬಂದರೂ ಕಾಲಂ ನಂಬರ್ (ಸಾಲಿನೊಳಗೆ ಎಷ್ಟನೇ ಜಾಗ ಅನ್ನುವುದು) ತಪ್ಪುತ್ತದೆ. ‘ಬಳ್ಳಾರಿ’ ಅನ್ನುವ ಪದ ನೋಡಿ. ಓದುವವರಿಗೆ ಬ, ಳ್ಳಾ, ರಿ ಅಂತ ಮೂರು ಅಕ್ಷರ. ಪ್ರತಿ ಅಕ್ಷರ ಚಿಹ್ನೆಗೂ ಒಂದು ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 7, ಯಾಕೆಂದರೆ ಒತ್ತು, ದೀರ್ಘ, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಆ ಸಂಕೇತಗಳನ್ನು ಫೈಲಿನಲ್ಲಿ ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 21. ಬೈಟು ಎಣಿಸಿ ಅಷ್ಟು ಖಾಲಿ ಜಾಗ ಬಿಟ್ಟು ಕೆಳಗೆ ^ ಹಾಕಿದರೆ, ಆ ಗುರುತು ತಪ್ಪಿನಿಂದ ಎಲ್ಲೋ ದೂರ ಹೋಗಿ ಬೀಳುತ್ತದೆ. ಎರರ್ ಕಾಣುವ ಟರ್ಮಿನಲ್ ಕಿಟಕಿ ಕನ್ನಡವನ್ನು ಎಷ್ಟು ಅಗಲಕ್ಕೆ ಬರೆಯುತ್ತದೆ ಅನ್ನುವುದೂ ಒಂದೊಂದರಲ್ಲಿ ಒಂದೊಂದು ಥರ. ನಾನು ಕ್ಲಾಸಿನಲ್ಲಿ ಹೇಳಿಕೊಡುವುದು ಹೀಗೆ: ಒಳಗೆ ಬೈಟು ಲೆಕ್ಕವನ್ನೇ ಇಟ್ಟುಕೊಳ್ಳಿ, ಹೊರಗೆ ಮಾತ್ರ ತಪ್ಪಿದ ಪದವನ್ನೇ ಉದ್ಧರಣೆಯಲ್ಲಿ ಬರೆದು ತೋರಿಸಿ. ಗುರುತು ಜರುಗಿದರೂ ಪದ ಜರುಗುವುದಿಲ್ಲ.

ಪದ ತೋರಿಸಿದರೂ ಸಾಲದ ಸಂದರ್ಭ ಒಂದಿದೆ. ಕಳೆದ ತಿಂಗಳು ಒಬ್ಬ ಹುಡುಗಿ ‘ಬಸ್‌ಪಾಸ್’ ಅಂತ ವೇರಿಯಬಲ್‌ಗೆ ಹೆಸರಿಟ್ಟಳು. ಪೈಥಾನ್ ಒಪ್ಪಲಿಲ್ಲ. ಕಣ್ಣಿಗೆ ಎಲ್ಲ ಸರಿ ಕಾಣುತ್ತಿತ್ತು. ಸ್ ಮತ್ತು ಪ ಸೇರಿ ‘ಸ್ಪ’ ಆಗದಿರಲಿ ಅಂತ ನಡುವೆ ಕೂತಿರುವ ಕಾಣದ ಸಂಕೇತವೇ ಕಾರಣ, ಯೂನಿಕೋಡಿನಲ್ಲಿ ಅದರ ನಂಬರ್ 200ಸಿ. ಹೆಸರುಗಳಲ್ಲಿ ಪೈಥಾನ್ ಅದನ್ನು ಬಿಟ್ಟುಕೊಳ್ಳುವುದಿಲ್ಲ. ಹೊಸ ಪೈಥಾನ್ ಎರರ್‌ನಲ್ಲೇ ಆ ನಂಬರ್ ಹೇಳುತ್ತದೆ. ಹಾಗಾಗಿ ನಾವು ಎರಡೇ ನಿಮಿಷದಲ್ಲಿ ಹಿಡಿದೆವು. ನಿಮ್ಮ ಪಾರ್ಸರ್‌ನಲ್ಲೂ ಕಾಣದ ಸಂಕೇತ ಸಿಕ್ಕಾಗ ಅದರ ನಂಬರನ್ನು ಬರೆಯಿರಿ. ಆ ಹುಡುಗಿ ಈಗ ನಡುವೆ ಅಂಡರ್‌ಸ್ಕೋರ್ ಹಾಕಿ ‘ಬಸ್_ಪಾಸ್’ ಅಂತ ಬರೆಯುತ್ತಾಳೆ.