ಚೈತ್ರ-ವೈಶಾಖದಾಗ ಕಡಲ ದಂಡಿ ಮೀನು: ಗಾಳ ಕಲಿಯೋರಿಗೆ ನನ್ನ ಟಿಪ್ಪಣಿ

ಧಾರವಾಡ ಸಪ್ತಾಪುರದ ರೂಮಿನ್ಯಾಗ ಕುಂತು ಭೂಗೋಳ ಓದೋ ನಾವು ಮೂರು ಮಂದಿ ಯುಗಾದಿ ಆದ ಮ್ಯಾಲೆ ಗಾಳ ತಗೊಂಡು ಅಂಕೋಲಾಕ್ಕ ಹೋಗಿದ್ವಿ, ಅರಬೈಲ್ ಘಾಟ್ ಇಳದು ದಂಡಿ ಮುಟ್ಟೂದ್ರಾಗ ಮಧ್ಯಾಹ್ನ ಒಂದು ಗಂಟಿ ಆಗಿತ್ತು, ಗಾಳಿ ಮುಖಕ್ಕ ರಾಚಾಕತ್ತಿತ್ತು, ಎಸೆದ ಸೀಸದ ಗುಂಡು ಹತ್ತ ಮಾರು ಸುದ್ದಾ ಹೋಗವಲ್ದು. ಒಂದ ಮೀನೂ ಸಿಗಲಿಲ್ಲ. ವಾಪಸ್ ಬಂದು ಪುಸ್ತಕ ತೆಗದ್ರ ಕಾರಣ ಎಲ್ಲಾ ಅದರಾಗ ಇತ್ತು, ನಾವು ಮಾರ್ಕ್ಸ್ ಸಲುವಾಗಿ ಅಷ್ಟ ಓದಿದ್ವಿ.

ಮೊದ್ಲ ಒಂದು ಗೆರಿ ಹಾಕ್ಕೋರಿ. ಅಳಿವಿ (ಹೊಳಿ ಕಡಲಿಗೆ ಕೂಡೋ ಜಾಗ), ಹಿನ್ನೀರು, ಉಪ್ಪನೀರಿನ್ಯಾಗ ಬೆಳೆಯೋ ಕಾಂಡ್ಲಾ ಗಿಡದ ಸಂದಿ ಇವೆಲ್ಲಾ ಒಳಗಿನ ನೀರು. ಅಳಿವಿ ದಾಟಿ ಸಣ್ಣ ದೋಣಿ ಹೋಗಿ ಬರೋವಷ್ಟು ದೂರದ್ದು ಹೊರಗಿನ ನೀರು. ಬ್ಯಾಸಿಗಿ ಹವಾ ಒಂದ, ಆದ್ರ ಒಳಗ ಅದು ಉಪ್ಪಿನ ಲೆಕ್ಕ ಬದಲ ಮಾಡತೈತಿ, ಹೊರಗ ಗಾಳಿ ಲೆಕ್ಕ. ಈ ಎರಡನ್ನ ಕಲಸಿಬಿಟ್ರ ಏನೂ ತಿಳಿಯಂಗಿಲ್ಲ.

ಯೂಟ್ಯೂಬಿನ್ಯಾಗ ಅಮೆರಿಕಾದವ್ರ ವಿಡಿಯೋ ನೋಡಿ ಮೋಸ ಹೋಗಬ್ಯಾಡ್ರಿ. ಅಲ್ಲೆ ವಸಂತ ಅಂದ್ರ ತಣ್ಣನ ನೀರು ಬೆಚ್ಚಗ ಆಗೋ ಕಾಲ, ನಡುವ ಬಡಗಣದಿಂದ ಥಂಡಿ ಗಾಳಿ ಒಮ್ಮೆ ನುಗ್ಗಿದ್ರ ಆಕಾಶ ತಿಳಿ ಆಗತೈತಿ, ದಂಡಿ ನೀರು ತಣ್ಣಗಾಗತೈತಿ, ಮೀನು ಆಳಕ್ಕ ಇಳದು ಒಂದೆರಡು ದಿನ ಬಾಯಿ ಬಿಡಂಗಿಲ್ಲ, ಆಮ್ಯಾಲೆ ಬಿಸಲಿಗೆ ಜಲ್ದಿ ಕಾಯೋ ಕರಿ ಕೆಸರಿನ ತೆಳು ನೀರಿಗೆ ಮಧ್ಯಾಹ್ನದ ಮ್ಯಾಲೆ ಬರತಾವ. ನಮ್ಮ ಕಾರವಾರದ ಕಡಲು ಚಳಿಗಾಲದಾಗೂ 28 ಡಿಗ್ರಿ ಆಸುಪಾಸು ಇರತೈತಿ, ಏಪ್ರಿಲ್-ಮೇದಾಗ 30 ಮುಟ್ಟತೈತಿ. ಅಂದ್ರ ನಮ್ಮಲ್ಲೆ ತೊಂದ್ರಿ ಥಂಡೀದಲ್ಲ, ಕಾವಿಂದು. 30 ಡಿಗ್ರಿ ಉಪ್ಪನೀರಿನ್ಯಾಗ ಲೀಟರಿಗೆ ಹೆಚ್ಚೂಕಡಿಮಿ 6 ಮಿಲಿಗ್ರಾಂ ಅಷ್ಟ ಆಕ್ಸಿಜನ್ ಹಿಡಿತೈತಿ, ತೆಳು ನೀರು ಮಧ್ಯಾಹ್ನ ಇನ್ನೂ ಕಾಯತೈತಿ, ಮೀನು ಆಳದ ಕಡೆ ಸರೀತಾವ. ಅವರ ಮಧ್ಯಾಹ್ನದ ಸೂತ್ರ ನಮಗ ಉಲ್ಟಾ.

ಈಗ ಗಾಳಿ. ನೆಲ ಜಲ್ದಿ ಕಾಯತೈತಿ, ನೀರು ನಿಧಾನ, ಇದು ಎಂಟನೇತ್ತೆ ಪಾಠ. ರಾತ್ರಿ ನೆಲ ತಣ್ಣಗಾಗಿ ಗಾಳಿ ಕಡಲ ಕಡೆ ಹೋಗತೈತಿ, ಅದಕ್ಕ ನಸುಕಿನ್ಯಾಗ ನೀರು ತಟ್ಟಿ ಹಂಗ ಇರತೈತಿ. ಬಿಸಲು ಏರಿದಂಗ ತಿರುಗಿ ಕಡಲಿಂದ ಗಾಳಿ ಏಳತೈತಿ, ಮಾರ್ಚ್‌ದಿಂದ ಮೇ ತನಕ ಅದರ ಜೋಡಿ ವಾಯವ್ಯದ ಗಾಳೀನೂ ಕೂಡತೈತಿ, ಮಧ್ಯಾಹ್ನದ ಮ್ಯಾಲೆ ಹೊರಗ ಸಣ್ಣ ದೋಣಿಯವ್ರಿಗೆ ಕುಂದ್ರಾಕ ಆಗಂಗಿಲ್ಲ. ಬಂಗುಡೆ, ಇಸ್ವಾಣ ಮೀನು ಹಿಡಿಯಾಕ ಹೊರಗ ಹೋಗೋರು ಕತ್ತಲಿದ್ದಾಗ ಹೊರಟು ಬಿಸಲು ಬಲಿಯೂದ್ರಾಗ ತಿರುಗಿ ಬರೂದು ಇದಕ್ಕ. ನಾವು ಒಂದು ಗಂಟಿಗೆ ಹೋಗಿ ನಿಂತಿದ್ದು ಎಂಥಾ ಶಾಣ್ಯಾತನ ನೋಡ್ರಿ.

ಒಳಗಿನ ನೀರಿಗೆ ಬಂದ್ರ ಧಾರವಾಡದವ್ರಿಗೆ ಒಂದು ಸಂಬಂಧ ಐತಿ. ಇಲ್ಲೆ ಸೋಮೇಶ್ವರದ ಹತ್ರ ಹುಟ್ಟೋ ಶಾಲ್ಮಲಾ ಬೇಡ್ತಿ ಕೂಡಿ ಗಂಗಾವಳಿ ಆಗಿ ಅಂಕೋಲಾ-ಗೋಕರ್ಣದ ನಡುವ ಕಡಲಿಗೆ ಬೀಳತೈತಿ. ಬ್ಯಾಸಿಗ್ಯಾಗ ಹೊಳಿ ಬತ್ತಿದಂಗ ಭರತಿ ನೀರು ಒಳಗ ಒಳಗ ಏರತೈತಿ, ಅಳಿವಿ ಪೂರಾ ಉಪ್ಪಾಗತೈತಿ, ಆವಾಗ ಕಡಲ ಮೀನು ಭಾಳ ಮ್ಯಾಲಿನ ತನಕ ಬರತಾವ. ನಮ್ಮ ಒಂದು ಅಡ್ಡಮಳಿ ಇದನ್ನ ಕೆಡಸಂಗಿಲ್ಲ, ಒಣಗಿದ ಹಳ್ಳಾನ ಅದನ್ನ ಕುಡದುಬಿಡತಾವ. ಮೇ ಕಡೀಕ ಮಳಿ ಜಗ್ಗಿ ಹೊಡದ್ರ ಮಾತ್ರ ಕೆಂಪನೀರು ಇಳೀತೈತಿ. ಸಿಹಿನೀರು ಹಗುರ, ಮ್ಯಾಲೆ ತೇಲತೈತಿ, ಉಪ್ಪನೀರು ಕೆಳಗ ಉಳೀತೈತಿ, ಮೀನೂ ಅಲ್ಲೇ ಇಲ್ಲಾ ಅಳಿವಿ ಬಾಯಿ ಕಡೆ ಸರೀತಾವ, ಗಾಳ ತಳಕ್ಕ ಬಿಡಬೇಕು. ಪರೀಕ್ಷಾಕ್ಕ ಬರೆಯೋ ಉದಾಹರಣಿ ಬೇಕಂದ್ರ ಶರಾವತಿ-ಅಘನಾಶಿನಿ ಹೋಲಸ್ರಿ: ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಐತಿ, ಕರೆಂಟ್ ತೆಗದು ಬಿಟ್ಟ ಸಿಹಿನೀರು ಬ್ಯಾಸಿಗ್ಯಾಗೂ ಅಳಿವಿಗೆ ಬರತೈತಿ, ಉಪ್ಪು ಏರಂಗಿಲ್ಲ, ಅದಕ್ಕ ಬಳಚು (ತಿನ್ನೋ ಚಿಪ್ಪಿನ ಜೀವಿ) ಕಡಿಮಿ ಆತು. ಅಘನಾಶಿನಿಗೆ ಅಂಥಾ ಡ್ಯಾಮ್ ಇಲ್ಲ, ಅಲ್ಲೆ ಬಳಚು ಆರಿಸಿ ಹೊಟ್ಟಿ ಹೊರಿಯೋರು ಇವತ್ತಿಗೂ ಭಾಳ ಮಂದಿ.

ಭರತಿ ಲೆಕ್ಕ ಸಸಾರ. ದಿನಾ ಸುಮಾರು 50 ನಿಮಿಷ ತಡಾ ಆಗತೈತಿ. ವಾರಕ್ಕ ಹತ್ರ ಹತ್ರ 6 ತಾಸು ಸರೀತೈತಿ, ಹಂಗಾಗಿ ಈ ಶನಿವಾರ ಮುಂಜಾನೆ 6ಕ್ಕ ಭರತಿ ಇದ್ರ ಮುಂದಿನ ಶನಿವಾರ ಅದೇ ಹೊತ್ತಿಗೆ ಇಳತ. ವಾರಕ್ಕೊಮ್ಮೆ ಬಸ್ ಹತ್ತೋ ನಮ್ಮಂಥವ್ರು ಹೋದ ವಾರ ಸಿಕ್ಕಿತ್ತು ಅಂತ ಅದೇ ಟೈಮಿಗೆ ಹೋಗಿ ಕೆಡೂದು ಇಲ್ಲೆ. ಅಮಾಸಿ-ಹುಣ್ಣಿಮಿ ದೊಡ್ಡ ಭರತಿಗೆ ಸ್ಪ್ರಿಂಗ್ ಟೈಡ್ ಅಂತಾರ, ಅದಕ್ಕೂ ವಸಂತಕ್ಕೂ ಏನೂ ಸಂಬಂಧ ಇಲ್ಲ, ವರ್ಷಪೂರ್ತಿ ಬರತೈತಿ.

ಸಂಜಿ ಗುಡುಗು ಕೇಳಿದ್ರ ರಾಡ್ ಕೆಳಗ ಇಡ್ರಿ, ಕಾರ್ಬನ್ ರಾಡಿನ್ಯಾಗ ಕರೆಂಟ್ ಹರೀತೈತಿ. ಮೇದಾಗ ಚಂಡಮಾರುತಾನೂ ಏಳತಾವ, 2021ರ ತೌಕ್ತೆ ನಮ್ಮ ಕರಾವಳಿಗೂ ಬಡದು ಹೋತು. ಅದಕ್ಕಿಂತ ಕಳ್ಳಂದು ಇನ್ನೊಂದು ಐತಿ, ಮಲಯಾಳಿಗಳು ಕಳ್ಳಕ್ಕಡಲ್ ಅಂತಾರ: ದಕ್ಷಿಣ ಹಿಂದೂ ಮಹಾಸಾಗರದಾಗ ಎದ್ದ ಬಿರುಗಾಳಿ ಅಲಿ ಸಾವಿರಾರು ಕಿಲೋಮೀಟರ್ ದಾಟಿ ಏಪ್ರಿಲ್-ಮೇದಾಗ ದಂಡಿಗೆ ಬಡೀತಾವ, ಇಲ್ಲೆ ಗಾಳಿ ಇರಂಗಿಲ್ಲ, ಮೋಡ ಇರಂಗಿಲ್ಲ, ನಾವು ನಿಂತ ಕಲ್ಲಬಂಡಿ ಮ್ಯಾಲೆ ಒಮ್ಮಿಂದೊಮ್ಮೆ ನೀರು ಏರತೈತಿ. ಹೈದರಾಬಾದಿನ ಇನ್‌ಕಾಯ್ಸ್ (ಕಡಲ ಮಾಹಿತಿ ಕೊಡೋ ಸರ್ಕಾರಿ ಕೇಂದ್ರ) ಇದರ ಎಚ್ಚರಿಕಿ ಮೊದಲ ಹಾಕತೈತಿ, ಮೀನು ಸಿಗೋ ಜಾಗಾನೂ ಸ್ಯಾಟಲೈಟ್ ನೋಡಿ ಹೇಳತೈತಿ. ಬಸ್ ಹತ್ತೋ ಮೊದ್ಲ ಮೊಬೈಲಿನ್ಯಾಗ ಅದನ್ನ ತೆಗದು ನೋಡ್ರಿ, ಮೀನಿಂದು ಆಮ್ಯಾಲೆ, ಅಲಿದು ಮೊದ್ಲ.