ಪಾವಗಡದಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲವಲ್ಲ, ಮತ್ತೆ ಅನ್ಯಾಯ ಎಲ್ಲಿ?

ಪ್ರಶ್ನೆ: ಪಾವಗಡ ಸೋಲಾರ್ ಪಾರ್ಕಿಗೆ ಸರ್ಕಾರ ರೈತರ ಜಮೀನು ಕಿತ್ತುಕೊಂಡಿಲ್ಲ. ಬರಡು ನೆಲಕ್ಕೆ ವರ್ಷವರ್ಷ ಬಾಡಿಗೆ ಬರುತ್ತಿದೆ. ಆದರೂ ಅನ್ಯಾಯದ ಮಾತು ಯಾಕೆ?

ಬಾಡಿಗೆ ಬರುತ್ತಿರುವುದು ನಿಜ, ಅದು ಸಣ್ಣ ಸಂಗತಿಯೂ ಅಲ್ಲ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆಯನ್ನು 28 ವರ್ಷದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಟ್ಟರೆ ಕಡಲೇಕಾಯಿ ಬಿತ್ತನೆಯ ಖರ್ಚೂ ಹುಟ್ಟದ ಸೀಮೆಯದು. ಅಲ್ಲಿ ಈ ದುಡ್ಡಿಗೆ ಬೆಲೆಯಿದೆ. ಭೂಮಿಯ ಒಡೆತನವೂ ರೈತರಲ್ಲೇ ಉಳಿಯಿತು.

ಆದರೆ ಒಪ್ಪಂದ ಆದದ್ದು ಪಹಣಿಯಲ್ಲಿ ಹೆಸರಿದ್ದವರ ಜೊತೆ. ಆರಂಭದ ದರದಲ್ಲೇ ಲೆಕ್ಕ ಹಾಕಿ: 50 ಎಕರೆ ಇದ್ದವರಿಗೆ ವರ್ಷಕ್ಕೆ ಹತ್ತೂವರೆ ಲಕ್ಷ, ಎರಡು ಎಕರೆಯವರಿಗೆ 42,000. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಸಂಸಾರ ತೂಗಿಸುತ್ತಿದ್ದ ಹೆಂಗಸಿಗೆ ಬಾಡಿಗೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಹೊಲದ ಜೊತೆಗೆ ಅವಳ ಕೂಲಿಯೂ ಹೋಯಿತು. ಇಂಥ ಕೂಲಿಗಾರರಲ್ಲಿ ಬಹಳಷ್ಟು ಮಂದಿ ದಲಿತರು. ‘ಬರಡು’ ಎಂಬ ಮಾತಿಗೂ ನನ್ನ ತಕರಾರಿದೆ. ಬೆಳೆ ಇಲ್ಲದ ನೆಲವೂ ಕುರಿ ಸಾಕಿದವರಿಗೆ ಮೇವಿನ ನೆಲವೇ. ಈಗ ಅಲ್ಲಿ ಬೇಲಿ ಇದೆ.

ಇದಕ್ಕೆ ಯಾರದೋ ಕೆಟ್ಟತನವೇ ಕಾರಣ ಎಂದು ನಾನು ಹೇಳುವುದಿಲ್ಲ. ಕಾನೂನಿನಲ್ಲೇ ಒಂದು ಸಂದಿ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಬಾಧಿತ ಕುಟುಂಬ ಎಂದರೆ ಭೂಮಾಲೀಕರಷ್ಟೇ ಅಲ್ಲ. ಮೂರು ವರ್ಷಗಳಿಂದ ಆ ಜಾಗದಲ್ಲಿ ದುಡಿದು ಬದುಕುತ್ತಿರುವ ಕೂಲಿಗಾರರು, ಗೇಣಿದಾರರೂ ಸೇರುತ್ತಾರೆ. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಊರವರ ಅಹವಾಲು ಕೇಳಬೇಕು. ಗುತ್ತಿಗೆಗೆ ಪಡೆದರೆ ಅದು ಸ್ವಾಧೀನವಲ್ಲ, ಹಾಗಾಗಿ ಇದ್ಯಾವುದೂ ಕಡ್ಡಾಯವಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಸೋಲಾರ್ ಫಲಕದ ಯೋಜನೆಗಳಿಗೆ ಅನ್ವಯಿಸುವುದಿಲ್ಲ. ರೈತರಿಗೆ ಒಳ್ಳೆಯದಾದ ಗುತ್ತಿಗೆಯ ದಾರಿಯಲ್ಲೇ, ಭೂಮಿ ಇಲ್ಲದವಳು ಎದ್ದು ನಿಂತು ‘ನನ್ನ ಗತಿ ಏನು?’ ಎಂದು ಕೇಳಬಹುದಾಗಿದ್ದ ಸಭೆ ತಪ್ಪಿಹೋಗುತ್ತದೆ.

ಮುಂದಿನ ಪಾರ್ಕಿನ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲೇ ಪಹಣಿಯ ಪಕ್ಕದಲ್ಲಿ ಊರಿನ ಜಾಬ್ ಕಾರ್ಡುಗಳ ಪಟ್ಟಿಯನ್ನೂ ಇಟ್ಟುಕೊಂಡು ಗ್ರಾಮಸಭೆ ಕೂರಲಿ. ಯಾರ ಕೂಲಿ ಹೋಗುತ್ತದೆ, ಫಲಕ ತೊಳೆಯುವ, ಹುಲ್ಲು ಕೊಯ್ಯುವ ಕೆಲಸದಲ್ಲಿ ಮೊದಲ ಪಾಲು ಯಾರಿಗೆ ಸಿಗಬೇಕು ಎಂಬುದನ್ನು ಅಲ್ಲಿ ಬರೆದಿಟ್ಟ ಮೇಲೆ ಬಾಡಿಗೆಯ ದರ ಮಾತಾಡಲಿ.