ಹಾಟ್ ಕಾರ್ನರ್‌ಗೆ ಯಾರು? ಹಳೇ ಕಾಲದ ಥರ್ಡ್ ಬೇಸ್‌ಮನ್‌ಗಳನ್ನು ಆರಿಸುವ ಲೆಕ್ಕ

ಹಿಂದಿನ ಬೇಸ್‌ಬಾಲ್ ಆಟಗಾರರ ನಿಜವಾದ ಅಂಕಿಗಳನ್ನು ಇಟ್ಟುಕೊಂಡು ನಮ್ಮದೇ ತಂಡ ಕಟ್ಟಿ ಆಡುವ ಆಟಗಳಿವೆ. ಅಂಥ ತಂಡಕ್ಕೆ ಥರ್ಡ್ ಬೇಸ್‌ಮನ್, ಅಂದರೆ ‘ಹಾಟ್ ಕಾರ್ನರ್’ ಅನ್ನುವ ಮೂರನೇ ಬೇಸ್ ಬಳಿ ನಿಲ್ಲುವ ಫೀಲ್ಡರ್, ಯಾರಾಗಬೇಕು ಅನ್ನುವ ಲೆಕ್ಕ ಇದು. ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಬ್ರೂಕ್ಸ್ ರಾಬಿನ್ಸನ್, ಬಾಲ್ಟಿಮೋರ್ ಓರಿಯೋಲ್ಸ್, ಬ್ಯಾಟಿಂಗ್ ಸರಾಸರಿ .267. ಮೈಕ್ ಶ್ಮಿಟ್, ಫಿಲಡೆಲ್ಫಿಯಾ ಫಿಲೀಸ್, ಬ್ಯಾಟಿಂಗ್ ಸರಾಸರಿ .267. ಇಬ್ಬರದೂ ಇಡೀ ವೃತ್ತಿಜೀವನದ ಸರಾಸರಿ. ಇಬ್ಬರೂ ಥರ್ಡ್ ಬೇಸ್, ಇಬ್ಬರೂ ಬಲಗೈ ಬ್ಯಾಟರ್, ಇಬ್ಬರೂ ಹಾಲ್ ಆಫ್ ಫೇಮ್ (ಆಟದ ದಿಗ್ಗಜರಿಗೆ ಕೊಡುವ ಗೌರವ) ಸೇರಿದವರು. ಬರೀ ಸರಾಸರಿ ನೋಡಿದರೆ ಯಾರನ್ನು ತೆಗೆದುಕೊಂಡರೂ ಒಂದೇ ಅನ್ನಿಸುತ್ತದೆ, ಅಲ್ವಾ?

ಈಗ ಪಕ್ಕದ ಎರಡು ಕಾಲಂ ನೋಡಿ. ಆನ್-ಬೇಸ್: ಬ್ರೂಕ್ಸ್ .322, ಶ್ಮಿಟ್ .380. ಸ್ಲಗಿಂಗ್: ಬ್ರೂಕ್ಸ್ .401, ಶ್ಮಿಟ್ .527. ಇವರಿಬ್ಬರ ನಡುವಿನ ಅಂತರ ಇರುವುದು ಇಲ್ಲಿ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಮಾತು. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ರನ್ ಲೆಕ್ಕ ಅಲ್ಲ. ಎಷ್ಟು ಸಲ ಹೊಡೆಯಲು ನಿಂತಾಗ ಎಷ್ಟು ಸಲ ಹಿಟ್ ಬಂತು, ಅಂದರೆ ಹೊಡೆದು ಬೇಸ್ ಸೇರಿದರು, ಅನ್ನುವುದಷ್ಟೇ. ಅದರಲ್ಲಿ ವಾಕ್ ಸೇರುವುದೇ ಇಲ್ಲ. ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟರ್ ಸುಮ್ನೆ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ, ಅದೇ ವಾಕ್. ಆನ್-ಬೇಸ್ ಲೆಕ್ಕ ಅದನ್ನೂ ಹಿಡಿಯುತ್ತದೆ. ಸ್ಲಗಿಂಗ್ ಅಂದರೆ ಹೊಡೆತದ ಉದ್ದ: ಸಿಂಗಲ್‌ಗೆ ಒಂದು ಬೇಸ್, ಹೋಮ್ ರನ್‌ಗೆ ನಾಲ್ಕು. ಶ್ಮಿಟ್ 1,507 ವಾಕ್ ಪಡೆದರು, 548 ಹೋಮ್ ರನ್ ಹೊಡೆದರು. ಸರಾಸರಿಯ ಕಾಲಂನಲ್ಲಿ ವಾಕ್ ಕಾಣುವುದೇ ಇಲ್ಲ. ಹೋಮ್ ರನ್ ಅಲ್ಲಿ ಬರೀ ಇನ್ನೊಂದು ಹಿಟ್.

ಒಂದು ಸೀಸನ್‌ಗೆ ಇಳಿಸಿ ನೋಡೋಣ. ಒಬ್ಬ ಬ್ಯಾಟರ್ 650 ಸಲ ಕ್ರೀಸಿಗೆ ಬಂದ ಅಂತ ಇಟ್ಟುಕೊಳ್ಳಿ. ಆನ್-ಬೇಸ್ ವ್ಯತ್ಯಾಸ .058. ಅಂದರೆ ಶ್ಮಿಟ್ ಸುಮಾರು 38 ಸಲ ಜಾಸ್ತಿ ಬೇಸ್ ಮೇಲೆ ಇರುತ್ತಾರೆ, 38 ಔಟ್ ಕಡಿಮೆ. ಸ್ಲಗಿಂಗ್ ವ್ಯತ್ಯಾಸ .126. ವಾಕ್ ಬಿಟ್ಟು 550 ಸಲ ಅಂದರೆ ಸುಮಾರು 69 ಬೇಸ್ ಜಾಸ್ತಿ. ಸರಾಸರಿ ಒಂದೇ, ತಂಡಕ್ಕೆ ಸಿಗುವುದು ಎಷ್ಟು ಬೇರೆ!

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬ್ರೂಕ್ಸ್ ಆಡಿದ ಒಳ್ಳೆಯ ವರ್ಷಗಳು 1960ರ ದಶಕ, ಪಿಚರ್‌ಗಳ ಕಾಲ. 1968ರಲ್ಲಿ ಇಡೀ ಅಮೆರಿಕನ್ ಲೀಗ್‌ನ (ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು, ಇನ್ನೊಂದು ನ್ಯಾಷನಲ್ ಲೀಗ್) ಸರಾಸರಿ ಬರೀ .230. ಹಾಗಾಗಿ ಕಾಲ ಮತ್ತು ಮೈದಾನ ಎರಡನ್ನೂ ಸರಿದೂಗಿಸುವ ಒಪಿಎಸ್ ಪ್ಲಸ್ ಅನ್ನುವ ಅಂಕಿ ನೋಡಿ. ಅದರಲ್ಲಿ 100 ಅಂದರೆ ಆ ಕಾಲದ ಸಾಧಾರಣ ಬ್ಯಾಟರ್. ಬ್ರೂಕ್ಸ್ ಸುಮಾರು 105, ಶ್ಮಿಟ್ ಸುಮಾರು 148. ಸರಿದೂಗಿಸಿದ ಮೇಲೂ ಅಂತರ ದೊಡ್ಡದೇ.

ಹಾಗಾದರೆ ಗ್ಲವ್‌ಗೆ, ಅಂದರೆ ಫೀಲ್ಡಿಂಗ್‌ಗೆ, ಬೆಲೆ ಎಷ್ಟು?

ಬ್ರೂಕ್ಸ್ 1960ರಿಂದ 1975ರವರೆಗೆ ಸತತ 16 ಗೋಲ್ಡ್ ಗ್ಲವ್ (ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ) ಗೆದ್ದವರು. ಥರ್ಡ್ ಬೇಸ್‌ನಲ್ಲಿ 2,870 ಪಂದ್ಯ ಆಡಿದ ದಾಖಲೆಯೂ ಅವರದೇ. ಆ ಕೈಗೆ ಆಟದಲ್ಲಿ ಎಷ್ಟು ಅಂಕ ಕೊಡಬೇಕು? ಇದಕ್ಕೆ ಆಟದ ಒಳಗಿನ ಯಂತ್ರ ಹೇಗೆ ತಿರುಗುತ್ತದೆ ಅಂತ ಗೊತ್ತಿರಬೇಕು. ನಾನು ಸ್ಟ್ರ್ಯಾಟ್-ಒ-ಮ್ಯಾಟಿಕ್ ಉದಾಹರಣೆ ತೆಗೆದುಕೊಳ್ಳುತ್ತೇನೆ. ಹಾಲ್ ರಿಚ್‌ಮನ್ 1961ರಲ್ಲಿ ತಂದ ಈ ಕಾರ್ಡು-ದಾಳದ ಆಟದಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮೂರು ದಾಳ ಉರುಳಿಸುತ್ತೀರಿ. ಒಂದು ದಾಳ ಕಾಲಂ ಹೇಳುತ್ತದೆ. 1, 2, 3 ಬಿದ್ದರೆ ಬ್ಯಾಟರ್ ಕಾರ್ಡು. 4, 5, 6 ಬಿದ್ದರೆ ಪಿಚರ್ ಕಾರ್ಡು. ಉಳಿದ ಎರಡರ ಮೊತ್ತ ಸಾಲು ಹೇಳುತ್ತದೆ. ಕಾಲಂ ಪಿಚರ್ ಕಡೆ ಬಿತ್ತು ಅಂತಿಟ್ಟುಕೊಳ್ಳಿ. ಸಾಲಿಗೆ ಬೆರಳು ಇಟ್ಟರೆ ಅಲ್ಲಿ ಬರೆದಿದೆ: ಗ್ರೌಂಡ್ ಬಾಲ್ (ನೆಲದ ಮೇಲೆ ಉರುಳುವ ಚೆಂಡು), ಥರ್ಡ್ ಬೇಸ್, ಎಕ್ಸ್. ಈ ‘ಎಕ್ಸ್’ ಬಂದರೆ ಮಾತ್ರ ಫೀಲ್ಡರ್‌ನ ಪರೀಕ್ಷೆ. ಆಗ 20 ಮುಖದ ದಾಳ ಕೈಗೆ ಬರುತ್ತದೆ. ನಿಮ್ಮ ಥರ್ಡ್ ಬೇಸ್‌ಮನ್‌ಗೆ 1ರಿಂದ 5ರವರೆಗೆ ಒಂದು ರೇಟಿಂಗ್ ಇರುತ್ತದೆ. 1 ಅಂದರೆ ಅತ್ಯುತ್ತಮ, 5 ಅಂದರೆ ಅಲ್ಲಿ ನಿಲ್ಲಿಸಲೇಬಾರದು. ಅದೇ ದಾಳ, ಅದೇ ಅಂಕಿ, ಆದರೆ 1 ಇರುವವನಿಗೆ ಔಟ್ ಆದದ್ದು 4 ಇರುವವನಿಗೆ ಸಿಂಗಲ್ ಆಗಿಬಿಡಬಹುದು. ಎರರ್, ಅಂದರೆ ಫೀಲ್ಡರ್‌ನ ತಪ್ಪು, ಆಯಿತಾ ಅನ್ನುವುದಕ್ಕೆ ಬೇರೆ ದಾಳ, ಬೇರೆ ಪಟ್ಟಿ.

ಒಂದು ಪಿಚರ್ ಕಾರ್ಡಿನಲ್ಲಿ ಒಟ್ಟು 108 ಪಾಲು. ಅದರಲ್ಲಿ ಶಾರ್ಟ್‌ಸ್ಟಾಪ್‌ನ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎಕ್ಸ್‌ಗೆ 7 ಪಾಲು, ಥರ್ಡ್ ಬೇಸ್‌ಗೆ 3. ಬ್ಯಾಟರ್ ಕಾರ್ಡೂ ಸೇರಿದರೆ 216ಕ್ಕೆ 3, ಅಂದರೆ 72 ಬ್ಯಾಟರ್‌ಗೆ ಒಂದು ಸಲ. ಪಂದ್ಯಕ್ಕೆ ಎದುರಾಳಿಯ 38 ಬ್ಯಾಟರ್ ಹಿಡಿದರೆ 162 ಪಂದ್ಯಕ್ಕೆ ಸುಮಾರು 85 ಸಲ. ಒಳ್ಳೆಯ ಕೈ ಅದರಲ್ಲಿ 20 ಔಟ್ ಜಾಸ್ತಿ ತಂದಿತು ಅನ್ನೋಣ. ಔಟ್ ಆಗಬೇಕಾದದ್ದು ಸಿಂಗಲ್ ಆದರೆ ನಷ್ಟ ಸುಮಾರು ಮುಕ್ಕಾಲು ರನ್. ಅಲ್ಲಿಗೆ 15 ರನ್. ಹತ್ತು ರನ್‌ಗೆ ಒಂದು ಗೆಲುವು ಅನ್ನುವುದು ವಾಡಿಕೆಯ ಲೆಕ್ಕ. ಹಾಗಾದರೆ ಒಂದೂವರೆ ಗೆಲುವು.

ಇದು ಸಣ್ಣದಲ್ಲ. ಆದರೆ ಮೇಲೆ ಬ್ಯಾಟ್‌ನಿಂದ ಬಂದ 38 ಔಟ್ ಉಳಿತಾಯವೇ, ಒಂದಕ್ಕೆ ಅರ್ಧ ರನ್ ಹಿಡಿದರೂ, 19 ರನ್. ಉದ್ದ ಹೊಡೆತದ ಲಾಭ ಇನ್ನೂ ಹೊರಗೇ ಇದೆ. ಹಾಗಾಗಿ ನನ್ನ ನಿಲುವು ಇದು: ಶಾರ್ಟ್‌ಸ್ಟಾಪ್‌ಗೆ ಮೊದಲು ಗ್ಲವ್ ನೋಡಿ, ಥರ್ಡ್ ಬೇಸ್‌ಗೆ ಮೊದಲು ಆನ್-ಬೇಸ್ ನೋಡಿ. ಬೇರೆ ಆಟಗಳಲ್ಲಿ ಫೀಲ್ಡಿಂಗ್ ಲೆಕ್ಕ ಬೇರೆ ಥರ ಇರುತ್ತದೆ, ನಿಮ್ಮ ಆಟದ ನಿಯಮ ಓದಿಕೊಂಡು ಇದೇ ಲೆಕ್ಕ ಹಾಕಿ.

ತೀರಾ ಕೆಟ್ಟ ಕೈಯನ್ನೂ ನಿಲ್ಲಿಸಬೇಡಿ. 1964ರ ಡಿಕ್ ಅಲೆನ್ ನೋಡಿ. ಮೊದಲ ಪೂರ್ತಿ ಸೀಸನ್, .318 ಸರಾಸರಿ, 29 ಹೋಮ್ ರನ್, 201 ಹಿಟ್. ಅದೇ ವರ್ಷ ಥರ್ಡ್ ಬೇಸ್‌ನಲ್ಲಿ 41 ಎರರ್. ಆ ಬ್ಯಾಟ್ ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೆ ನಿಮ್ಮ ಪಿಚರ್‌ಗಳು ಗ್ರೌಂಡ್ ಬಾಲ್ ಜಾಸ್ತಿ ಕೊಡುವವರಾದರೆ ಇನ್ನೊಮ್ಮೆ ಯೋಚಿಸಿ.

.366 ಮತ್ತು .368

ಕಲಿಯುವವರು ಅತಿ ಹೆಚ್ಚು ಎಡವುವ ಜಾಗ ಇದು. ಹಾಗಾಗಿ ನಿಧಾನವಾಗಿ ಹೋಗೋಣ.

1930ರಲ್ಲಿ ಪಿಟ್ಸ್‌ಬರ್ಗ್‌ನ ಪೈ ಟ್ರೇನರ್ .366 ಹೊಡೆದರು. 1985ರಲ್ಲಿ ಬಾಸ್ಟನ್‌ನ ವೇಡ್ ಬಾಗ್ಸ್ .368 ಹೊಡೆದರು, 240 ಹಿಟ್ ಸಮೇತ. ಎರಡೂ ಒಂದೇ ಅನ್ನಬೇಡಿ. 1930ರ ನ್ಯಾಷನಲ್ ಲೀಗ್‌ನಲ್ಲಿ ಪಿಚರ್‌ಗಳೂ ಸೇರಿ ಎಲ್ಲರ ಸರಾಸರಿಯೇ .303! ಆ ವರ್ಷ ಎಲ್ಲರ ಬ್ಯಾಟಿಗೂ ಚೆಂಡು ಸಿಕ್ಕಿತ್ತು. 1985ರ ಅಮೆರಿಕನ್ ಲೀಗ್ ಸರಾಸರಿ .261. ಈಗ ಭಾಗಿಸಿ. ಟ್ರೇನರ್ ತಮ್ಮ ಕಾಲದವರಿಗಿಂತ ಶೇಕಡ 21ರಷ್ಟು ಮುಂದೆ, ಬಾಗ್ಸ್ ಶೇಕಡ 41ರಷ್ಟು ಮುಂದೆ. ಇಬ್ಬರನ್ನೂ .260 ಸರಾಸರಿಯ ಲೀಗ್‌ಗೆ ತಂದರೆ ಟ್ರೇನರ್ ಸುಮಾರು .314, ಬಾಗ್ಸ್ .367.

ನಿಮ್ಮ ಆಟ ಈ ಸರಿದೂಗಿಸುವಿಕೆ ಮಾಡುತ್ತದಾ ಇಲ್ಲವಾ, ಡ್ರಾಫ್ಟ್‌ಗೆ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲು ತಿಳಿದುಕೊಳ್ಳಬೇಕಾದ ಮೊದಲ ವಿಷಯ ಅದು. ಮಾಡದಿದ್ದರೆ 1930ರ ಟ್ರೇನರ್ ಚಿನ್ನ. ಮಾಡಿದರೆ ಅವರು ಒಳ್ಳೆಯ ಆಟಗಾರ, ಅಷ್ಟೇ.

ಬಾಗ್ಸ್ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಎಡಗಡೆ 37 ಅಡಿ ಎತ್ತರದ ಗೋಡೆ. ಬಾಗ್ಸ್ ಎಡಗೈ ಬ್ಯಾಟರ್. ಚೆಂಡನ್ನು ತಡವಾಗಿ ಹೊಡೆದು ಆ ಗೋಡೆಗೆ ಬಡಿಸಿ ಡಬಲ್ (ಎರಡು ಬೇಸ್‌ನ ಹಿಟ್) ತೆಗೆಯುವುದು ಅವರ ಕಲೆ. ಫೆನ್ವೇಯಲ್ಲಿ ಅವರ ವೃತ್ತಿಜೀವನದ ಸರಾಸರಿ .369. ನಿಮ್ಮ ತಂಡದ ಮೈದಾನ ಬೇರೆಯಾದರೆ ಅದರಲ್ಲಿ ಒಂದಷ್ಟು ಕಳೆಯಿರಿ. ಆದರೂ .415 ಆನ್-ಬೇಸ್ ಬರೀ ಗೋಡೆಯ ಪ್ರಸಾದ ಅಲ್ಲ. 1,412 ವಾಕ್, 745 ಸ್ಟ್ರೈಕ್‌ಔಟ್ (ಒಳ್ಳೆಯ ಎಸೆತ ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಒಂದು ಸ್ಟ್ರೈಕ್, ಮೂರಾದರೆ ಔಟ್). ಕಣ್ಣು ಅಷ್ಟು ಚುರುಕು. ಮೊದಲ ಸ್ಥಾನದಲ್ಲಿ ಬ್ಯಾಟ್ ಮಾಡಲು ಇವರಿಗಿಂತ ಒಳ್ಳೆಯ ಥರ್ಡ್ ಬೇಸ್‌ಮನ್ ಆಧುನಿಕ ಕಾಲದಲ್ಲಿ ನನಗೆ ಕಾಣುವುದಿಲ್ಲ.

ಹಳೇ ಕಾಲ ಸೇರಿಸಿದರೆ ಒಬ್ಬರಿದ್ದಾರೆ. ಜಾನ್ ಮೆಗ್ರಾ, 1899, ಬಾಲ್ಟಿಮೋರ್. ಸರಾಸರಿ .391, ಆನ್-ಬೇಸ್ .547. ಈ ಅಂಕಿಯನ್ನು ಮುರಿಯಲು 1941ರಲ್ಲಿ ಟೆಡ್ ವಿಲಿಯಮ್ಸ್ ಬರಬೇಕಾಯಿತು. 117 ಪಂದ್ಯದಲ್ಲಿ 124 ವಾಕ್. ಇದು ಹೇಗೆ ಸಾಧ್ಯ ಅಂದರೆ, ಆಗ ಫೌಲ್ ಹೊಡೆದರೆ, ಅಂದರೆ ಚೆಂಡು ಗೆರೆಯ ಹೊರಗೆ ಹೋದರೆ, ಸ್ಟ್ರೈಕ್ ಎಣಿಸುತ್ತಿರಲಿಲ್ಲ. ಮೆಗ್ರಾ ಒಳ್ಳೆಯ ಎಸೆತಗಳನ್ನೆಲ್ಲ ಫೌಲ್ ಮಾಡುತ್ತಾ ನಿಲ್ಲುತ್ತಿದ್ದರು. ಪಿಚರ್ ಸುಸ್ತಾಗಿ ಕೆಟ್ಟ ಎಸೆತ ಹಾಕುವವರೆಗೆ ಅದೇ ಕೆಲಸ. ನ್ಯಾಷನಲ್ ಲೀಗ್ 1901ರಲ್ಲಿ, ಅಮೆರಿಕನ್ ಲೀಗ್ 1903ರಲ್ಲಿ ಫೌಲನ್ನು ಸ್ಟ್ರೈಕ್ ಅಂತ ಎಣಿಸಲು ಶುರು ಮಾಡಿದವು. ಲೀಗ್ ಸರಾಸರಿ ಸರಿದೂಗಿಸಿದರೂ ಈ ನಿಯಮದ ಲಾಭ ಪೂರ್ತಿ ಅಳಿಸಿಹೋಗುವುದಿಲ್ಲ. ಮೆಗ್ರಾ ಕಾರ್ಡು ಸಿಕ್ಕರೆ ತೆಗೆದುಕೊಳ್ಳಿ ಅನ್ನುತ್ತೇನೆ. ಆದರೆ ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿರಲಿ.

ಹೋಮ್ ರನ್‌ಗೂ ಇದೇ ಮಾತು. ‘ಹೋಮ್ ರನ್’ ಬೇಕರ್ ಅಂತಲೇ ಹೆಸರಾದ ಫ್ರ್ಯಾಂಕ್ ಬೇಕರ್ 1911ರಿಂದ 1914ರವರೆಗೆ ಸತತ ನಾಲ್ಕು ವರ್ಷ ಅಮೆರಿಕನ್ ಲೀಗ್‌ನಲ್ಲಿ ಮೊದಲಿಗರು. ಅಂಕಿ 11, 10, 12, 9. ಒಟ್ಟು 42. ಶ್ಮಿಟ್ 1980ರ ಒಂದೇ ವರ್ಷದಲ್ಲಿ 48 ಹೊಡೆದರು. ಚೆಂಡೇ ಬೇರೆ, ಆಟವೇ ಬೇರೆ. ಆಗ ಬಂಟ್, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ ಬಿಡುವುದು, ಜಾಸ್ತಿ. ಮುಂದೆ ಓಡಿ ಬಂದು ಬರಿಗೈಯಲ್ಲಿ ಚೆಂಡು ಹೆಕ್ಕಿ ಎಸೆಯುವವನೇ ಥರ್ಡ್ ಬೇಸ್‌ಮನ್. ಅದಕ್ಕೇ ಹಳಬರಲ್ಲಿ ಗ್ಲವ್ ಒಳ್ಳೆಯವರು ಸಿಗುತ್ತಾರೆ, ದೊಡ್ಡ ಹೊಡೆತದವರು ಕಡಿಮೆ. ಬೇಕರ್ ಆ ಕಾಲದಲ್ಲಿ ಹಾಗೆ ಹೊಡೆದರು ಅನ್ನುವುದೇ ಅವರ ದೊಡ್ಡತನ.

ಮನುಷ್ಯನನ್ನಲ್ಲ, ವರ್ಷವನ್ನು ಆರಿಸಿ

ಹೆಚ್ಚಿನ ಆಟಗಳಲ್ಲಿ ನಿಮಗೆ ಸಿಗುವುದು ಒಬ್ಬ ಆಟಗಾರನ ಒಂದು ಸೀಸನ್. ಜಾರ್ಜ್ ಬ್ರೆಟ್ 3,154 ಹಿಟ್ ಹೊಡೆದವರು ಅಂತ ತೆಗೆದುಕೊಂಡು 1990ರ ಕಾರ್ಡು ಹಿಡಿದರೆ ಥರ್ಡ್ ಬೇಸ್‌ಗೆ ಉಪಯೋಗವಿಲ್ಲ. ಅಷ್ಟು ಹೊತ್ತಿಗೆ ಅವರು ಫಸ್ಟ್ ಬೇಸ್‌ಗೆ ಹೋಗಿದ್ದರು.

ಬೇಕಾದದ್ದು 1980ರ ಬ್ರೆಟ್. .390 ಸರಾಸರಿ. 449 ಸಲಕ್ಕೆ 175 ಹಿಟ್. ಇನ್ನೈದು ಹಿಟ್ ಬಂದಿದ್ದರೆ .400 ದಾಟುತ್ತಿತ್ತು. ಹೋಮ್ ರನ್ 24, ಸ್ಟ್ರೈಕ್‌ಔಟ್ 22. ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ಸ್ಟ್ರೈಕ್‌ಔಟ್‌ಗಿಂತ ಹೋಮ್ ರನ್ ಜಾಸ್ತಿ! ನನಗೆ ಈ ಸಾಲು ಎಷ್ಟು ಸಲ ನೋಡಿದರೂ ಖುಷಿ.

ಆದರೆ ಗಾಯಗಳಿಂದ ಅವರು ಆಡಿದ್ದು 117 ಪಂದ್ಯ. ನಿಜ ಜೀವನದಲ್ಲಿ ಆಡಿದಷ್ಟೇ ಆಡಿಸಬೇಕು ಅನ್ನುವ ನಿಯಮ ನಿಮ್ಮ ಲೀಗ್‌ನಲ್ಲಿದ್ದರೆ ಉಳಿದ 45 ಪಂದ್ಯಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರ ಬೆಲೆಯನ್ನೂ ಸೇರಿಸಿಯೇ ಬ್ರೆಟ್ ಬೆಲೆ ಕಟ್ಟಿ. ಶ್ಮಿಟ್ 1981ಕ್ಕೂ ಇದೇ ತೊಂದರೆ: ಆನ್-ಬೇಸ್ .435, ಸ್ಲಗಿಂಗ್ .644, ಅವರ ಅತ್ಯುತ್ತಮ ಅಂಕಿಗಳು. ಆದರೆ ಆ ವರ್ಷ ಆಟಗಾರರ ಮುಷ್ಕರ, 102 ಪಂದ್ಯ ಮಾತ್ರ. ಪೂರ್ತಿ ಸೀಸನ್ ಆಡಿಸುವುದಾದರೆ 1980 ಸುರಕ್ಷಿತ.

1953 ಒಂದು ವಿಶೇಷ ವರ್ಷ. ಎರಡೂ ಲೀಗ್‌ನ ಹೋಮ್ ರನ್ ಮೊದಲಿಗರು ಥರ್ಡ್ ಬೇಸ್‌ಮನ್‌ಗಳೇ. ಮಿಲ್ವಾಕಿಯ ಎಡ್ಡಿ ಮ್ಯಾಥ್ಯೂಸ್ 47, ಕ್ಲೀವ್‌ಲ್ಯಾಂಡ್‌ನ ಅಲ್ ರೋಸೆನ್ 43. ರೋಸೆನ್ 145 ಆರ್‌ಬಿಐ (ತಮ್ಮ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್), .336 ಸರಾಸರಿ. ಒಂದೇ ಒಂದು ಪಾಯಿಂಟ್‌ನಿಂದ (.001) ಬ್ಯಾಟಿಂಗ್ ಪಟ್ಟ ತಪ್ಪಿತು, ಅದರ ಜೊತೆ ಟ್ರಿಪಲ್ ಕ್ರೌನ್ (ಸರಾಸರಿ, ಹೋಮ್ ರನ್, ಆರ್‌ಬಿಐ ಮೂರರಲ್ಲೂ ಲೀಗ್‌ಗೆ ಮೊದಲು) ಕೂಡ. ಅಂಕಿ ನೋಡಿದರೆ ರೋಸೆನ್ ಸ್ವಲ್ಪ ಮೇಲೆ. ಆದರೆ ಮ್ಯಾಥ್ಯೂಸ್ ಎಡಗೈ. ಪಿಚರ್‌ಗಳಲ್ಲಿ ಬಲಗೈಯವರೇ ಜಾಸ್ತಿ. ಎಡಗೈ ಬ್ಯಾಟರ್‌ಗೆ ಸೀಸನ್‌ನುದ್ದಕ್ಕೂ ಅನುಕೂಲದ ಎದುರಾಳಿಗಳೇ ಸಿಗುತ್ತಾರೆ. ನಿಮ್ಮ ತಂಡದಲ್ಲಿ ಈಗಾಗಲೇ ಬಲಗೈ ಬ್ಯಾಟರ್‌ಗಳೇ ತುಂಬಿದ್ದರೆ ಮ್ಯಾಥ್ಯೂಸ್ ಕಡೆ ವಾಲಿ. ಎರಡೂ ಕೈ ಬೇಕಾದರೆ ಸ್ವಿಚ್ ಹಿಟ್ಟರ್ ಚಿಪರ್ ಜೋನ್ಸ್, 1999: 45 ಹೋಮ್ ರನ್. ಅವರ ಗ್ಲವ್ ಸಾಧಾರಣ.

ರಾನ್ ಸ್ಯಾಂಟೋ ಅವರನ್ನು ಜನ ಮರೆಯುತ್ತಾರೆ, ಅದು ನನಗೆ ಬೇಸರ. 1964ರಲ್ಲಿ ಶಿಕಾಗೊ ಕಬ್ಸ್‌ಗೆ .313, 30 ಹೋಮ್ ರನ್, ಲೀಗ್‌ನಲ್ಲೇ ಹೆಚ್ಚು ವಾಕ್, ಮೇಲೆ ಗೋಲ್ಡ್ ಗ್ಲವ್. ಮಧುಮೇಹ ಇಟ್ಟುಕೊಂಡೇ ಆಡಿದವರು. ಹಾಲ್ ಆಫ್ ಫೇಮ್ ಗೌರವ ಬಂದದ್ದು 2012ರಲ್ಲಿ, ಅವರು ತೀರಿಕೊಂಡ ಮೇಲೆ. ದೊಡ್ಡ ಹೆಸರುಗಳ ಹಿಂದೆ ಎಲ್ಲರೂ ಓಡುವಾಗ ಈ ಕಾರ್ಡು ನಿಮಗೆ ತಡವಾಗಿಯೂ ಸಿಗಬಹುದು.

ಇನ್ನು ಅಂಕಿಗಳೇ ಸರಿಯಾಗಿ ಉಳಿಯದವರು. ವರ್ಣಭೇದದಿಂದ ಕಪ್ಪು ಆಟಗಾರರನ್ನು ಹೊರಗಿಟ್ಟ ಕಾಲದಲ್ಲಿ ಜೂಡಿ ಜಾನ್ಸನ್, ರೇ ಡ್ಯಾಂಡ್ರಿಜ್ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಡ್ಯಾಂಡ್ರಿಜ್ ಅವರಿಗೆ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಒಂದು ಪಂದ್ಯವೂ ಸಿಗಲಿಲ್ಲ. ಈ ಲೀಗ್‌ಗಳ ಅಂಕಿಗಳು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿದವು. ದಾಖಲಾದ ಸೀಸನ್‌ಗಳು ಚಿಕ್ಕವು. ಹಾಗಾಗಿ ಒಂದು ವರ್ಷದ ಬದಲು ನಾಲ್ಕೈದು ವರ್ಷ ಒಟ್ಟಿಗೆ ನೋಡಿ ತೂಗಿ.

ನನ್ನ ಪಟ್ಟಿ ಕೇಳಿದರೆ: ಮೊದಲು 1980ರ ಶ್ಮಿಟ್. ಅವರು ಹೋಗಿಬಿಟ್ಟಿದ್ದರೆ 1953ರ ಮ್ಯಾಥ್ಯೂಸ್. ಮೊದಲ ಸ್ಥಾನದ ಬ್ಯಾಟರ್ ಇಲ್ಲದ ತಂಡವಾದರೆ ಬಾಗ್ಸ್. ಕೊನೆಯ ಸುತ್ತುಗಳಲ್ಲಿ ಒಂದು ಜಾಗ ಮಾತ್ರ ಬ್ರೂಕ್ಸ್ ರಾಬಿನ್ಸನ್‌ಗೆ ಕಾದಿರಿಸುತ್ತೇನೆ. 1970ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯ, ಸಿನ್ಸಿನಾಟಿ. ಲೀ ಮೇ ಹೊಡೆದ ಚೆಂಡು ಬೇಸ್ ದಾಟಿ ಗೆರೆಯಂಚಿನಲ್ಲಿ ಹೋಗುತ್ತಿತ್ತು. ಬ್ರೂಕ್ಸ್ ಕೈ ತಿರುವಿ ಹಿಡಿದರು. ಓಟದ ಭರಕ್ಕೆ ಫೌಲ್ ಜಾಗಕ್ಕೆ ಹೋಗಿಬಿಟ್ಟಿದ್ದರು. ಅಲ್ಲಿಂದಲೇ ಮೈ ತಿರುಗಿಸಿ ಎಸೆದರು. ಚೆಂಡು ಒಂದು ಪುಟ ಬಿದ್ದು ಫಸ್ಟ್ ಬೇಸ್‌ನಲ್ಲಿ ಬೂಗ್ ಪವೆಲ್ ಕೈ ಸೇರಿತು. ಔಟ್. ಎಂಟನೇ ಇನಿಂಗ್ಸ್, ನಾವು ಒಂದು ರನ್ ಮುಂದೆ, 20 ಮುಖದ ದಾಳ ಕೈಯಲ್ಲಿ ಇರುವಾಗ ಆ ಮೂಲೆಯಲ್ಲಿ ನನಗೆ ಅವರೇ ಬೇಕು.